ಕರೆಂಟ್ ಕೊಟ್ಟು ಮುಗಿದು ಏಳು ತಿಂಗಳ ಮೇಲೆ ಅಮ್ಮನ ಚರ್ಮ ಗಟ್ಟಿಯಾಗುತ್ತಿದೆ, ಯಾರಿಗಾದರೂ ಹೀಗೆ ಆಗಿದೆಯಾ?

ತಿಪಟೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 57 ವರ್ಷ. ಹೋದ ವರ್ಷ ಬಲಗಡೆ ಎದೆಯಲ್ಲಿ ಗಂಟು ಸಿಕ್ಕಿತು. ಆಪರೇಷನ್ ಆಯಿತು. ಎದೆ ಪೂರ್ತಿ ತೆಗೆಯಲಿಲ್ಲ, ಗಂಟು ಮತ್ತು ಕಂಕುಳಿನ ಗ್ರಂಥಿಗಳನ್ನು ಮಾತ್ರ ತೆಗೆದರು. ಆಮೇಲೆ ಕೀಮೋ. ಕೊನೆಗೆ ಕರೆಂಟ್, ಅಂದರೆ ರೇಡಿಯೇಷನ್. ವಾರಕ್ಕೆ ಐದು ದಿನದ ಹಾಗೆ ಮೂರು ವಾರ, ಒಟ್ಟು 15 ಸಲ. ಶಿವರಾತ್ರಿಗೆ ಎರಡು ದಿನ ಇದೆ ಅನ್ನುವಾಗ ಮುಗಿಯಿತು. ಕೊನೆಯ ವಾರ ಚರ್ಮ ಕಪ್ಪಾಯಿತು, ಎದೆಯ ಕೆಳಗಿನ ಮಡಿಕೆಯಲ್ಲಿ ಸುಲಿದು ನೀರು ಬಂತು. ಹೀಗೆ ಆಗುತ್ತದೆ ಎಂದು ಮೊದಲೇ ಹೇಳಿದ್ದರು, ಒಂದು ತಿಂಗಳಲ್ಲಿ ವಾಸಿಯೂ ಆಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಗೌರಿ ಹಬ್ಬಕ್ಕೆ ಅಮ್ಮನಿಗೆ ಹೊಸ ಬ್ಲೌಸ್ ಹೊಲಿಸಿದ್ದೆ. ಆಪರೇಷನ್ ಆದಮೇಲೆ ಹೊಲಿಸಿದ ಬ್ಲೌಸನ್ನೇ ಅಳತೆಗೆ ಕೊಟ್ಟಿದ್ದು. ಹಾಕಿಕೊಂಡು ನೋಡಿದರೆ ಬಲಗಡೆ ಸಡಿಲ, ಎಡಗಡೆ ಸರಿ. ಟೈಲರ್ ಎಲ್ಲೋ ತಪ್ಪು ಮಾಡಿದ್ದಾರೆ ಅಂದುಕೊಂಡು ಸರಿ ಮಾಡಿಸೋಕೆ ಬ್ಲೌಸ್ ಬಿಚ್ಚಿಸಿದಾಗಲೇ ನಾನು ನೋಡಿದ್ದು. ಅಂಗೈ ಅಗಲದ ಮಚ್ಚೆ. ಅಂಚು ಕಂದು ನೇರಳೆ, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣದ ಹಾಗೆ. ನಡುವೆ ಮೇಣ ಸವರಿದ ಹಾಗೆ ಮಿಂಚುತ್ತದೆ. ಎರಡು ಬೆರಳಲ್ಲಿ ಹಿಡಿಯೋಕೆ ಹೋದರೆ ಚರ್ಮ ಮೇಲಕ್ಕೆ ಬರುವುದೇ ಇಲ್ಲ, ಒಣಗಿದ ಚಕ್ಕಳ ಮುಟ್ಟಿದ ಹಾಗಾಗುತ್ತದೆ. ಸ್ವಲ್ಪ ಬೆಚ್ಚಗೂ ಇದೆ. ಎರಡು ತಿಂಗಳಿಂದ ಇದೆಯಂತೆ, ಹೇಳಿರಲಿಲ್ಲ. ಒಳಗೆ ಅಪ್ಪನ ಹಳೆ ಬನಿಯನ್ ಹಾಕಿಕೊಂಡು ಮೇಲೆ ಬ್ಲೌಸ್ ಹಾಕುತ್ತಿದ್ದರು, ತುರಿಕೆ ತಡೆಯೋಕೆ.

ಊರಿನ ಡಾಕ್ಟರ್ ಒಬ್ಬರು ಹುಳುಕಡ್ಡಿ ಎಂದು ಮುಲಾಮು ಕೊಟ್ಟರು, ಮೂರು ವಾರ ಹಚ್ಚಿದೆವು. ಇನ್ನೊಬ್ಬರು ಇನ್ಫೆಕ್ಷನ್ ಎಂದು ಹತ್ತು ದಿನ ಆಂಟಿಬಯೋಟಿಕ್ ಕೊಟ್ಟರು. ಎರಡರಿಂದಲೂ ಏನೂ ಆಗಲಿಲ್ಲ. ದೊಡ್ಡಮ್ಮ ಸರ್ಪಸುತ್ತು ಎಂದು ಕೆಮ್ಮಣ್ಣು ಕಲಸಿ ಹಚ್ಚಿದರು. ಅಮ್ಮ ಬೇಡ ಅನ್ನಲಿಲ್ಲ. ಈಗ ಯಾರು ಏನು ಹೇಳಿದರೂ ಬೇಡ ಅನ್ನುವುದಿಲ್ಲ, ಅದೇ ನನಗೆ ಜಾಸ್ತಿ ಭಯ. ರಾತ್ರಿ ಮಲಗಿದಾಗ ಕೈ ಅಲ್ಲೇ ಇರುತ್ತದೆ.

ಎರಡು ತಿಂಗಳ ಹಿಂದಿನ ಮ್ಯಾಮೋಗ್ರಾಮ್ ಸರಿಯಾಗಿದೆ. ಕ್ಯಾನ್ಸರ್ ಆಸ್ಪತ್ರೆಯ ಮುಂದಿನ ಭೇಟಿಗೆ ಇನ್ನೂ ಒಂದೂವರೆ ತಿಂಗಳಿದೆ. ಅಲ್ಲಿವರೆಗೆ ಕಾಯಬಹುದಾ? ಇದು ವಾಪಸ್ ಬಂದಿರುವುದಾ? ಅಥವಾ ಕರೆಂಟಿನಿಂದ ಇಷ್ಟು ತಡವಾಗಿ ಹೀಗೂ ಆಗುತ್ತದಾ?


ಮಂಡ್ಯದ ಟೀಚರ್:

ತಂಗಿ, ಏಕವಚನದಲ್ಲೇ ಮಾತಾಡಿಸುತ್ತೇನೆ, ನನಗೆ 63. ಆ ಬ್ಲೌಸಿನ ವಿಷಯ ಓದಿ ಒಂದು ಗಳಿಗೆ ಸುಮ್ನೆ ಕೂತುಬಿಟ್ಟೆ. ನನಗೂ ಹಾಗೇ ಗೊತ್ತಾಗಿದ್ದು.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಒಂದೂವರೆ ತಿಂಗಳು ಕಾಯಬೇಡ. ನಾಳೆಯೇ ಆಸ್ಪತ್ರೆಗೆ ಫೋನ್ ಮಾಡಿ, ರೇಡಿಯೇಷನ್ ಆದ ಜಾಗದಲ್ಲಿ ಹೊಸದಾಗಿ ಚರ್ಮ ಬದಲಾಗಿದೆ ಎಂದು ಹೇಳು, ಬೇಗ ಕರೆಯುತ್ತಾರೆ. ಇದು ಏನು ಎಂದು ನಾನು ಹೇಳೋಕಾಗುವುದಿಲ್ಲ, ಆದರೆ ನನಗೆ ಏನಾಗಿತ್ತು ಎಂದು ಹೇಳಬಲ್ಲೆ.

2019ರಲ್ಲಿ ನನಗೆ ಎಡಗಡೆ ಆಪರೇಷನ್, ಆಮೇಲೆ 25 ಸಲ ರೇಡಿಯೇಷನ್. ಹನ್ನೊಂದು ತಿಂಗಳು ಏನೂ ಇರಲಿಲ್ಲ. ಆಮೇಲೆ ಎದೆಯ ಕೆಳಭಾಗದಲ್ಲಿ ಒಂದು ಊತ, ಬಿಸಿ, ಬಣ್ಣ ಬೇರೆ. ಎರಡು ಸಲ ಆಂಟಿಬಯೋಟಿಕ್ ಕೊಟ್ಟರು. ಹೋಗಲಿಲ್ಲ. ಆಗ ಎಲ್ಲರ ಮುಖವೂ ಬದಲಾಯಿತು, ಏಕೆಂದರೆ ಉರಿಯೂತದ ಹಾಗೆ ಕಾಣುವ ಒಂದು ಬಗೆಯ ಸ್ತನ ಕ್ಯಾನ್ಸರ್ ಇದೆ, ಚರ್ಮ ಊದಿಕೊಂಡು ಕಿತ್ತಳೆ ಸಿಪ್ಪೆಯ ಹಾಗೆ ತೂತುತೂತಾಗಿ ಕಾಣುತ್ತದೆ. ಅದೇ ಇರಬಹುದು ಎಂದು ಸ್ಕ್ಯಾನ್ ಮಾಡಿಸಿದರು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಊತ ಇಳಿದು ಆ ಜಾಗ ಕಲ್ಲಾಯಿತು, ಎದೆ ಒಂದು ಕಡೆಗೆ ಎಳೆದುಕೊಂಡಿತು. ಕೊನೆಗೆ ನನ್ನ ಸರ್ಜನ್ನೇ ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಅವರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಪೆನ್ಸಿಲ್ ಹಿಂದಿನ ರಬ್ಬರಿಗಿಂತ ಚಿಕ್ಕ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಹತ್ತು ನಿಮಿಷದ ಕೆಲಸ, ಎರಡು ಹೊಲಿಗೆ.

ರಿಪೋರ್ಟಿನಲ್ಲಿ ಬಂದ ಹೆಸರು ಮಾರ್ಫಿಯಾ. ನಾನು ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಮಾರ್ಫಿನ್ ಎಂದು ನೋವಿನ ಔಷಧಿಯ ವಿಷಯ ಬಂತು, ಕೊನೆಗಾಲದಲ್ಲಿ ಕೊಡುವುದು ಎಂದು ಬೇರೆ ಬರೆದಿತ್ತು. ಆ ರಾತ್ರಿ ನಿದ್ದೆ ಮಾಡಲಿಲ್ಲ. ಎರಡಕ್ಕೂ ಸಂಬಂಧವೇ ಇಲ್ಲ, ನೀನು ಹಾಗೆ ಹೆದರಬೇಡ ಎಂದೇ ಇದನ್ನು ಬರೆದೆ. ಮಾರ್ಫಿಯಾ ಅಂದರೆ ಚರ್ಮ ಒಂದು ಕಡೆ ಗಟ್ಟಿಯಾಗುವ ಕಾಯಿಲೆ. ದೇಹದ ರೋಗನಿರೋಧಕ ಶಕ್ತಿ ಆ ಜಾಗದ ಚರ್ಮವನ್ನು ಕೆಣಕುತ್ತದೆ, ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ಬೇಕಾದ್ದಕ್ಕಿಂತ ಜಾಸ್ತಿ ಕೂಡಿಕೊಳ್ಳುತ್ತದೆ. ರೇಡಿಯೇಷನ್ ಆಗದವರಿಗೂ ಬರಬಹುದು, ಆದರೆ ತೀರಾ ಅಪರೂಪ. ಎದೆಗೆ ರೇಡಿಯೇಷನ್ ತೆಗೆದುಕೊಂಡವರಲ್ಲಿ ಸುಮಾರು 500ಕ್ಕೆ ಒಬ್ಬರಿಗೆ ಎಂಬ ಅಂದಾಜು ವೈದ್ಯಕೀಯ ಬರಹಗಳಲ್ಲಿ ಇದೆ. ಹೆಚ್ಚಿನವರಿಗೆ ಮೊದಲ ಒಂದು ವರ್ಷದ ಆಸುಪಾಸಿನಲ್ಲಿ ಬರುತ್ತದೆ, ಎಷ್ಟೋ ವರ್ಷ ಬಿಟ್ಟು ಬಂದವರೂ ಇದ್ದಾರೆ. ಕ್ಯಾನ್ಸರ್ ಅಲ್ಲ, ಅಂಟುವುದೂ ಇಲ್ಲ. ಕರೆಂಟ್ ಜಾಸ್ತಿ ಕೊಟ್ಟುಬಿಟ್ಟರು ಎಂದು ನಮ್ಮ ಮನೆಯವರು ಸಿಟ್ಟಾಗಿದ್ದರು. ಡಾಕ್ಟರ್ ಕೂರಿಸಿಕೊಂಡು ಹೇಳಿದರು, ಇದಕ್ಕೂ ಡೋಸಿಗೂ ನೇರ ಸಂಬಂಧ ಕಂಡಿಲ್ಲ, ಸರಿಯಾಗಿ ಕೊಟ್ಟವರಿಗೂ ಬರುತ್ತದೆ ಎಂದು.

ವಾಸಿ ಆಗುತ್ತದಾ ಎಂದು ಕೇಳುತ್ತೀಯ. ನಿಜ ಹೇಳುತ್ತೇನೆ. ಬಿಸಿ, ತುರಿಕೆ, ನೇರಳೆ ಅಂಚು ಇವೆಲ್ಲ ಔಷಧಿಗೆ ಬಗ್ಗುತ್ತವೆ. ಮೊದಲು ಸ್ಟೀರಾಯ್ಡ್ ಮುಲಾಮು ಕೊಟ್ಟರು, ಸಾಲಲಿಲ್ಲ, ಆಮೇಲೆ ಮೆಥೊಟ್ರೆಕ್ಸೇಟ್ ಮಾತ್ರೆ, ಕೆಣಕುವ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು. ಆರು ತಿಂಗಳಿಗೆ ಚರ್ಮ ಮೆತ್ತಗಾಗೋಕೆ ಶುರುವಾಯಿತು. ಆದರೆ ಕುಗ್ಗಿದ ಆಕಾರ ಪೂರ್ತಿ ವಾಪಸ್ ಬರಲಿಲ್ಲ. ಬೇಗ ಹಿಡಿದಿದ್ದರೆ ಇಷ್ಟು ಕುಗ್ಗುತ್ತಿರಲಿಲ್ಲವೇನೋ ಎಂಬ ಸಂಕಟ ನನಗೆ ಇವತ್ತಿಗೂ ಇದೆ. ಅದಕ್ಕೇ ನಿನಗೆ ನಾಳೆಯೇ ಎನ್ನುತ್ತಿರುವುದು.


ಬಂಕರ್ ಬಾಗಿಲು:

ನಾನು ರೇಡಿಯೋಥೆರಪಿ ವಿಭಾಗದಲ್ಲಿ ಟೆಕ್ನಿಷಿಯನ್, 11 ವರ್ಷ ಆಯಿತು. ಡಾಕ್ಟರ್ ಅಲ್ಲ. ಆದರೆ ದಿನಾ ಜನರನ್ನು ಮಷಿನ್ ಕೆಳಗೆ ಮಲಗಿಸುವವನು ನಾನೇ ಆದ್ದರಿಂದ ಕೆಲವು ವಿಷಯ ಹೇಳಬೇಕು ಅನಿಸಿತು.

ಮೇಡಂ, ನಿಮ್ಮ ಅಮ್ಮನ ಎದೆಯ ಮೇಲೆ ಚುಕ್ಕಿ ಹಚ್ಚೆ ಹಾಕಿರಬಹುದು, ಸಾಸಿವೆಗಿಂತ ಚಿಕ್ಕದು, ನೀಲಿ. ಅಥವಾ ಬಣ್ಣದಲ್ಲಿ ಗೆರೆ ಎಳೆದು ಅಳಿಸಬೇಡಿ ಎಂದು ಹೇಳಿರುತ್ತಾರೆ. ದಿನಾ ಒಂದೇ ಜಾಗಕ್ಕೆ ಬೀಳಲಿ ಎಂದು ಮಾಡುವ ಗುರುತು ಅದು. ಹಚ್ಚೆ ಇದ್ದರೆ ಈ ಮಚ್ಚೆ ಅದರ ಒಳಗಿದೆಯಾ ಹೊರಗಿದೆಯಾ ನೋಡಿ. ಡಾಕ್ಟರಿಗೆ ತುಂಬಾ ಸಹಾಯ ಆಗುತ್ತದೆ. ಒಳಗಿದ್ದ ಮಾತ್ರಕ್ಕೆ ರೇಡಿಯೇಷನ್ನಿಂದಲೇ ಎಂದು ಖಾತ್ರಿ ಅಲ್ಲ, ಮಾರ್ಫಿಯಾ ಕೆಲವರಿಗೆ ಹೊರಗೂ ಹರಡುತ್ತದೆ. ಆದರೂ ಒಂದು ಸುಳಿವು.

ಚಿಕಿತ್ಸೆ ಮುಗಿದಾಗ ಒಂದು ಸಾರಾಂಶದ ಹಾಳೆ ಕೊಟ್ಟಿರುತ್ತಾರೆ. ಎಷ್ಟು ಗ್ರೇ (ರೇಡಿಯೇಷನ್ ಅಳೆಯುವ ಮಾನ), ಎಷ್ಟು ಸಲ, ಯಾವ ತಾರೀಖಿನಿಂದ ಯಾವ ತಾರೀಖಿಗೆ, ಯಾವ ಜಾಗ, ಎಲ್ಲ ಅದರಲ್ಲಿ ಇರುತ್ತದೆ. 15 ಸಲ ಅಂದರೆ ಸಾಮಾನ್ಯವಾಗಿ 40 ಗ್ರೇ. ಟೀಚರ್ ಅವರ 25 ಸಲ ಅಂದರೆ 50 ಗ್ರೇ ಇರಬೇಕು. ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆ ಬಿಟ್ಟು ಹೋಗಲೇಬೇಡಿ. ಹುಳುಕಡ್ಡಿ ಮುಲಾಮು ಕೊಟ್ಟವರಿಗೆ ರೇಡಿಯೇಷನ್ ಆಗಿದ್ದು ಹೇಳಿದ್ದಿರಾ? ಎಷ್ಟೋ ಜನ ಹೇಳುವುದಿಲ್ಲ. ಮುಗಿದ ಕತೆ ಯಾಕೆ ಎಂದುಕೊಳ್ಳುತ್ತಾರೆ. ಚರ್ಮದ ಪಾಲಿಗೆ ಅದು ಮುಗಿದಿರುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಪುಸ್ತಕದಲ್ಲಿ ಎಲ್ಲ ಕಡೆ ಚರ್ಮ ಕೆಂಪಾಗುತ್ತದೆ ಎಂದು ಬರೆದಿರುತ್ತಾರೆ. ಅದು ಬಿಳಿ ಮೈಯವರನ್ನು ನೋಡಿ ಬರೆದದ್ದು. ನಮ್ಮ ಮೈಬಣ್ಣದಲ್ಲಿ ಕೆಂಪು ಕೆಂಪಾಗಿ ಕಾಣುವುದೇ ಇಲ್ಲ. ಕಂದು, ನೇರಳೆ, ಬೂದಿ ಅಥವಾ ಸುಮ್ನೆ ಇನ್ನಷ್ಟು ಕಪ್ಪು. ಹಾಗಾಗಿ ಕೆಂಪಾಗಿಲ್ಲವಲ್ಲ, ಏನೂ ಆಗಿಲ್ಲ ಎಂದು ರೋಗಿಗಳೂ ಬಿಡುತ್ತಾರೆ, ಕೆಲವು ಸಲ ನೋಡುವವರೂ ಬಿಡುತ್ತಾರೆ. ಕಣ್ಣಿಗಿಂತ ಕೈ ನಂಬಿ. ಬಿಸಿ ಇದೆಯಾ, ಗಟ್ಟಿ ಇದೆಯಾ, ಆ ಕಡೆಗೂ ಈ ಕಡೆಗೂ ವ್ಯತ್ಯಾಸ ಇದೆಯಾ, ಅದು ಮುಟ್ಟಿದರೆ ಗೊತ್ತಾಗುತ್ತದೆ. ವಾರಕ್ಕೊಂದು ಫೋಟೋ ತೆಗೆಯಿರಿ, ಒಂದೇ ಕಿಟಕಿ ಬೆಳಕಲ್ಲಿ, ಪಕ್ಕದಲ್ಲಿ ಒಂದು ಐದು ರೂಪಾಯಿ ನಾಣ್ಯ ಇಟ್ಟು. ಬೆಳೆಯುತ್ತಿದೆಯಾ ಇಲ್ಲವಾ ಎಂದು ಆಮೇಲೆ ವಾದ ಇರುವುದಿಲ್ಲ.

ಕೆಮ್ಮಣ್ಣು ಬೇಡ ಮೇಡಂ. ದೊಡ್ಡಮ್ಮನಿಗೆ ಬೇಜಾರಾಗದ ಹಾಗೆ ಹೇಳಿ. ಮಣ್ಣು ಹಚ್ಚಿದರೆ ಬಣ್ಣ ಮುಚ್ಚಿಹೋಗುತ್ತದೆ, ಚರ್ಮ ಒಡೆದಿದ್ದರೆ ಸೋಂಕೂ ಆಗುತ್ತದೆ. ಬಿಸಿನೀರಿನ ಚೀಲ, ಶಾಖ ಯಾವುದೂ ಬೇಡ. ಅಲ್ಲಿ ಸ್ಪರ್ಶ ಕಡಿಮೆ ಆಗಿರಬಹುದು, ಸುಟ್ಟರೂ ತಕ್ಷಣ ಗೊತ್ತಾಗುವುದಿಲ್ಲ. ಅಪ್ಪನ ಬನಿಯನ್ ಮಾತ್ರ ಒಳ್ಳೆಯ ಉಪಾಯ, ಹಳೆ ಹತ್ತಿಬಟ್ಟೆಯಷ್ಟು ಮೃದು ಬೇರೆ ಇಲ್ಲ.


ಹಳ್ಳಿಮದ್ದು ನಂಬಿದವ:

ಅಕ್ಕಾ, ಬಯಾಪ್ಸಿ ಮಾತ್ರ ಮಾಡಿಸಬೇಡಿ. ಕ್ಯಾನ್ಸರ್ ಆದ ಜಾಗಕ್ಕೆ ಬ್ಲೇಡ್ ಸೂಜಿ ತಾಗಿಸಿದರೆ ಹರಡುತ್ತದೆ, ನಮ್ಮ ಚಿಕ್ಕಪ್ಪನಿಗೆ ಬಯಾಪ್ಸಿ ಆದ ಮೂರೇ ತಿಂಗಳಿಗೆ ಎಲ್ಲ ಕಡೆ ಹಬ್ಬಿತು. ಹರಳೆಣ್ಣೆ ಬಿಸಿ ಮಾಡಿ ಅರಿಶಿನ ಬೆರೆಸಿ ಹಚ್ಚಿ, ಬಟ್ಟೆಯಲ್ಲಿ ಶಾಖ ಕೊಡಿ. ನಿಧಾನಕ್ಕೆ ಕರಗುತ್ತದೆ. ನಿಮ್ಮ ಅಮ್ಮನಿಗೆ ಒಳ್ಳೆಯದಾಗಲಿ ಎಂದೇ ಹೇಳುತ್ತಿದ್ದೇನೆ.


ಚರ್ಮ ವಿಭಾಗ, ಹುಬ್ಬಳ್ಳಿ:

ನಾನು ಚರ್ಮರೋಗದಲ್ಲಿ ಪಿ.ಜಿ. ಮಾಡುತ್ತಿದ್ದೇನೆ. ಮೇಲಿನ ಅಣ್ಣಾ, ನಿಮ್ಮ ಚಿಕ್ಕಪ್ಪನ ವಿಷಯ ಕೇಳಿ ನಿಜವಾಗಲೂ ಬೇಸರವಾಯಿತು. ಆದರೆ ಸಾಮಾನ್ಯವಾಗಿ ಬಯಾಪ್ಸಿ ಮಾಡುವ ಹೊತ್ತಿಗೆ ಕಾಯಿಲೆ ಎಲ್ಲಿಗೆ ಹೋಗಬೇಕೋ ಹೋಗಿರುತ್ತದೆ, ಆಮೇಲೆ ಅದು ಕಣ್ಣಿಗೆ ಬೀಳುತ್ತದೆ. ಹಿಂದೆಮುಂದೆ ಆದದ್ದರಿಂದ ಬಯಾಪ್ಸಿಯಿಂದಲೇ ಆಯಿತು ಅನಿಸುತ್ತದೆ. ಚರ್ಮದ ಒಂದು ಚೂರು ತೆಗೆದು ನೋಡಿದ್ದಕ್ಕೆ ಕ್ಯಾನ್ಸರ್ ಮೈಯೆಲ್ಲ ಹಬ್ಬುವುದಿಲ್ಲ. ಇಲ್ಲಿ ಬಯಾಪ್ಸಿ ಮಾಡಿಸದೇ ಇರುವುದೇ ಅಪಾಯ, ಏಕೆಂದರೆ ಕ್ಯಾನ್ಸರ್ ವಾಪಸ್ ಬಂದಿದೆಯಾ, ಮಾರ್ಫಿಯಾನಾ, ಬರೀ ರೇಡಿಯೇಷನ್ ಗಟ್ಟಿತನವಾ ಎಂದು ಕಣ್ಣಲ್ಲಿ ನೋಡಿ ಬೇರ್ಪಡಿಸೋಕೆ ನಮ್ಮ ಪ್ರೊಫೆಸರುಗಳಿಗೂ ಕಷ್ಟ. ಒಂದು ಮಾತು ನಿಜ, ರೇಡಿಯೇಷನ್ ಆದ ಚರ್ಮದ ಗಾಯ ಒಣಗೋಕೆ ಸ್ವಲ್ಪ ಜಾಸ್ತಿ ದಿನ ಬೇಕು. ಅದನ್ನು ಮೊದಲೇ ಹೇಳಿ ಚಿಕ್ಕ ಚೂರು ತೆಗೆಯುತ್ತಾರೆ. ಅರಿಶಿನಕ್ಕೆ ಕೆಲವರ ಚರ್ಮ ಅಲರ್ಜಿ ಆಗುತ್ತದೆ, ಆಮೇಲೆ ನಮಗೆ ಎರಡೆರಡು ಕಾಯಿಲೆ ಬಿಡಿಸಬೇಕಾಗುತ್ತದೆ.

ರೇಡಿಯೇಷನ್ ಗಟ್ಟಿತನ ಅಂದೆನಲ್ಲ, ಅದು ಬೇರೆ. ಫೈಬ್ರೋಸಿಸ್ ಅನ್ನುತ್ತೇವೆ. ಅದು ಆಳದಲ್ಲಿ, ಚರ್ಮದ ಕೆಳಗಿನ ಪದರದಲ್ಲಿ ಜಾಸ್ತಿ, ನಿಧಾನವಾಗಿ ತಿಂಗಳುಗಟ್ಟಲೆ ಬರುತ್ತದೆ, ಮೇಲೆ ಅಷ್ಟಾಗಿ ಬಣ್ಣ ಬದಲಾಗದೇ ಇರಬಹುದು. ಅದು ತುಂಬಾ ಜನರಿಗೆ ಸ್ವಲ್ಪ ಮಟ್ಟಿಗೆ ಇದ್ದೇ ಇರುತ್ತದೆ. ನೀವು ಬರೆದ ನೇರಳೆ ಅಂಚು, ಮಿಂಚುವ ನಡುಭಾಗ, ಬೇಗ ಆದ ಬದಲಾವಣೆ, ಇವು ಮಾರ್ಫಿಯಾ ಕಡೆ ಕೈ ತೋರಿಸುತ್ತವೆ. ಆದರೆ ನೋಡದೆ ಹೇಳುವುದು ತಪ್ಪು.

ಸರ್ಪಸುತ್ತು ಎಂದು ದೊಡ್ಡಮ್ಮ ಹೇಳಿದ್ದರಲ್ಲಿ ಅರ್ಥವಿಲ್ಲ ಎಂದಲ್ಲ. ಕ್ಯಾನ್ಸರ್ ಚಿಕಿತ್ಸೆ ಆದವರಿಗೆ ಸರ್ಪಸುತ್ತು ಬರುವುದು ಹೆಚ್ಚು. ಆದರೆ ಅದಕ್ಕೆ ಮೊದಲು ಉರಿನೋವು ಇರುತ್ತದೆ, ಆಮೇಲೆ ಪಟ್ಟಿಯ ಹಾಗೆ ನೀರುಗುಳ್ಳೆ, ಎರಡು ಮೂರು ವಾರದಲ್ಲಿ ಒಣಗುತ್ತದೆ. ಎರಡು ತಿಂಗಳು ಗುಳ್ಳೆಯಿಲ್ಲದೆ ಗಟ್ಟಿಯಾಗುತ್ತಾ ಹೋಗುವುದಿಲ್ಲ.

ರೇಡಿಯೇಷನ್ ಆದ ಜಾಗದಲ್ಲಿ ಇನ್ನೂ ಏನೇನೋ ಬರುತ್ತದೆ. ಬಿಳಿ ತೊನ್ನು ಅಲ್ಲಿಂದಲೇ ಶುರುವಾಗಬಹುದು, ಸೋರಿಯಾಸಿಸ್ ಇದ್ದವರಿಗೆ ಅಲ್ಲೇ ಕೆರಳಬಹುದು, ದೊಡ್ಡ ಬಿಗಿಯಾದ ನೀರುಗುಳ್ಳೆಯ ಕಾಯಿಲೆ ಆ ಜಾಗದಲ್ಲಿ ಮಾತ್ರ ಬರಬಹುದು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಹೊಟ್ಟೆಯ ಕೆಳಗೆ ಕರೆಂಟ್ ಕೊಡುತ್ತಿರುವಾಗ ಕೈಕಾಲಿನಲ್ಲೂ ವಿಪರೀತ ತುರಿಕೆಯ ಗುಳ್ಳೆ ಏಳುವುದೂ ಇದೆ, ಮನೆಯವರು ತಿಗಣೆ ಕಚ್ಚಿದೆ ಅಂದುಕೊಳ್ಳುತ್ತಾರೆ.

ಹೆದರಿಸೋಕೆ ಅಲ್ಲ, ಆದರೆ ಒಂದನ್ನು ಬಿಡದೆ ಹೇಳಬೇಕು. ಹಲವು ವರ್ಷದ ಮೇಲೆ, ಹೆಚ್ಚಾಗಿ ಐದರಿಂದ ಹತ್ತು ವರ್ಷದ ನಡುವೆ, ಏಟು ಬೀಳದೆಯೇ ಏಟು ಬಿದ್ದ ಹಾಗೆ ನೀಲಿ ನೇರಳೆ ಕಲೆ ಬಂದರೆ, ಅದು ಮಾಯದೆ ಬೆಳೆದರೆ, ರಕ್ತ ಒಸರಿದರೆ ಅವತ್ತೇ ಓಡಬೇಕು. ರಕ್ತನಾಳದ ಒಂದು ಕ್ಯಾನ್ಸರ್ ಹಾಗೆ ಶುರುವಾಗುತ್ತದೆ. ತೀರಾ ಅಪರೂಪ, ಸಾವಿರಕ್ಕೆ ಒಬ್ಬರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಆದರೆ ಮೊದಮೊದಲು ಬರೀ ಕಲೆಯ ಹಾಗೆ ಕಾಣುವುದರಿಂದ ತಡ ಮಾಡುತ್ತಾರೆ.

ದುಡ್ಡಿನ ಯೋಚನೆ ಇದ್ದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ.


ಬೆಳಗಾವಿಯ ತಮ್ಮ:

ಇದು ನಿಮ್ಮ ಅಮ್ಮನಿಗೆ ಆಗಿದ್ದಲ್ಲ ಇರಬಹುದು, ಆದರೆ ಬೇರೆ ಯಾರಾದರೂ ಓದುತ್ತಿದ್ದರೆ ಉಪಯೋಗಕ್ಕೆ ಬರಲಿ.

ನಮ್ಮ ಅಣ್ಣನಿಗೆ ಶ್ವಾಸಕೋಶದ್ದು. ರೇಡಿಯೇಷನ್ 30 ಸಲ, ಆರು ವಾರ. ಆಗ ಚರ್ಮಕ್ಕೆ ಅಂಥಾದ್ದೇನೂ ಆಗಲಿಲ್ಲ, ಬೆನ್ನು ಸ್ವಲ್ಪ ಕಪ್ಪಾಗಿ ಹೋಯಿತು ಅಷ್ಟೇ. ನಾಲ್ಕು ತಿಂಗಳಾದ ಮೇಲೆ ಡೋಸಿಟಾಕ್ಸೆಲ್ ಕೀಮೋ ಶುರು ಮಾಡಿದರು. ಮೊದಲ ಡೋಸ್ ಆದ ಐದನೇ ದಿನ ಸ್ನಾನಕ್ಕೆ ಹೋದವನು ಬಚ್ಚಲಿನಿಂದ ಕೂಗಿದ. ಹೋಗಿ ನೋಡಿದರೆ ಬೆನ್ನಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ, ಚೌಕವಾಗಿ, ತಾಮ್ರದ ಬಣ್ಣಕ್ಕೆ ತಿರುಗಿದೆ. ಗೆರೆಯ ಆ ಕಡೆ ಚರ್ಮ ಚೆನ್ನಾಗಿದೆ, ಈ ಕಡೆ ಬೇಯಿಸಿದ ಹಾಗೆ. ಎದೆ ಮೇಲೂ ಅಂಥದ್ದೇ ಒಂದು. ನಾವು ಯಾರೋ ಬಿಸಿನೀರು ಸುರಿದರೇನೋ ಅಂದುಕೊಂಡೆವು. ಅಣ್ಣ ಮಾತ್ರ ನೋಡಿದ ತಕ್ಷಣ ಹೇಳಿದ, ಇದು ಕರೆಂಟ್ ಕೊಟ್ಟ ಜಾಗ ಎಂದು. ಆ ಗೆರೆಗಳು ಅವನಿಗೆ ಆರು ವಾರದಿಂದ ಬಾಯಿಪಾಠ ಆಗಿದ್ದವು.

ಇದಕ್ಕೆ ರೇಡಿಯೇಷನ್ ರೀಕಾಲ್ ಎಂದು ಹೆಸರಂತೆ. ವಾಸಿಯಾದ ಚರ್ಮ, ಹೊಸ ಔಷಧಿ ಒಂದು ಒಳಗೆ ಹೋದ ತಕ್ಷಣ ಹಳೆಯ ಸುಟ್ಟಗಾಯವನ್ನು ನೆನಪು ಮಾಡಿಕೊಳ್ಳುತ್ತದೆ. ಡಾಕ್ಟರ್ ಹೇಳಿದರು, ಇದನ್ನು ಮೊದಲು ಗುರುತಿಸಿ ಬರೆದವರು ಅಮೆರಿಕದ ಡ್ಯಾಂಜಿಯೊ, 1959ರಲ್ಲಿ, ಆಕ್ಟಿನೋಮೈಸಿನ್ ಔಷಧಿ ಕೊಟ್ಟಾಗ. ಅಂದರೆ 60 ವರ್ಷದ ಮೇಲಾಯಿತು. ಇಷ್ಟು ಹಳೆಯ ವಿಷಯವನ್ನು ನಮಗೆ ಯಾರೂ ಮೊದಲೇ ಒಂದು ಮಾತು ಹೇಳಿರಲಿಲ್ಲ ಎಂಬ ನೋವು ನನಗಿದೆ. ಡೋಸಿಟಾಕ್ಸೆಲ್, ಡಾಕ್ಸೋರುಬಿಸಿನ್, ಜೆಮ್ಸಿಟಾಬಿನ್ ಇಂಥ ಔಷಧಿಗಳಲ್ಲಿ ಜಾಸ್ತಿಯಂತೆ, ಬೇರೆಯವುಗಳಲ್ಲೂ ಆಗಬಹುದಂತೆ. ಮುಂದಿನ ಡೋಸ್ ನಿಲ್ಲಿಸಿ ಸ್ಟೀರಾಯ್ಡ್ ಕೊಟ್ಟರು, ಮೂರು ವಾರದಲ್ಲಿ ಸಿಪ್ಪೆ ಎದ್ದು ಹೋಯಿತು. ನಿಮ್ಮ ಅಮ್ಮನಿಗೆ ಈ ನಡುವೆ ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದಾರಾ? ಅದನ್ನೂ ಡಾಕ್ಟರಿಗೆ ಹೇಳಿ.


ಕುಂದಾಪುರ:

ಅಪ್ಪನಿಗೆ ಗಂಟಲಿನ ಕ್ಯಾನ್ಸರ್, 35 ಸಲ ಕೊಟ್ಟರು, ಏಳು ವಾರ. ಎರಡು ವರ್ಷ ಆಯಿತು, ಈಗ ಚೆನ್ನಾಗಿದ್ದಾರೆ. ಕುತ್ತಿಗೆಯಲ್ಲಿ ಗಡ್ಡ ಬರುವುದು ನಿಂತೇ ಹೋಯಿತು, ಅಲ್ಲಿ ಮಾತ್ರ ಮಗುವಿನ ಹಾಗೆ ನುಣುಪು. ಗಲ್ಲದ ಕೆಳಗೆ ಹಸುವಿನ ಗಂಗೆದೊಗಲಿನ ಹಾಗೆ ಒಂದು ಊತ ಬಂತು. ಬೆಳಿಗ್ಗೆ ಎದ್ದಾಗ ಜಾಸ್ತಿ, ಸಂಜೆಗೆ ಕಡಿಮೆ. ಮತ್ತೆ ಗಂಟು ಬಂತಾ ಎಂದು ಅಮ್ಮ ದಿನಾ ಮುಟ್ಟಿ ನೋಡುತ್ತಿದ್ದರು. ಅದು ದುಗ್ಧರಸ (ಮೈಯೊಳಗೆ ಹರಿಯುವ ತಿಳಿ ದ್ರವ) ಹರಿಯದೆ ನಿಲ್ಲುವುದಂತೆ. ಫಿಸಿಯೋಥೆರಪಿಯವರು ಕೈಯಲ್ಲಿ ಮೆಲ್ಲಗೆ ಸವರುವುದು ಹೇಳಿಕೊಟ್ಟರು, ಒತ್ತಬಾರದು, ಬೆಕ್ಕಿನ ಮೈ ಸವರಿದ ಹಾಗೆ. ತಲೆ ಕಡೆ ದಿಂಬು ಎತ್ತರ ಮಾಡಿದೆವು. ಬಹಳ ಕಡಿಮೆಯಾಗಿದೆ.

ಆಮೇಲೆ ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಕಪ್ಪು ಮೊಡವೆ, 66ನೇ ವಯಸ್ಸಿನಲ್ಲಿ! ಒತ್ತೊತ್ತಾಗಿ, ಎಳ್ಳು ಚೆಲ್ಲಿದ ಹಾಗೆ. ಅದೂ ರೇಡಿಯೇಷನ್ ಆದ ಜಾಗದಲ್ಲಿ ಬರುವುದೇ ಎಂದು ಚರ್ಮದ ಡಾಕ್ಟರ್ ಹೇಳಿದರು, ರೆಟಿನಾಯ್ಡ್ ಮುಲಾಮು ಕೊಟ್ಟರು. ನಿಮ್ಮ ಅಮ್ಮನಿಗೂ ಬೇಗ ಗುಣವಾಗಲಿ.


ತಿಪಟೂರಿನ ಮಗಳು:

ಇಷ್ಟು ದಿನ ಬರೆಯೋಕೆ ಆಗಲಿಲ್ಲ, ಕ್ಷಮಿಸಿ. ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದ್ದೇನೆ. ಟೀಚರ್ ಅವರದ್ದನ್ನು ಎರಡು ಸಲ ಓದಿಸಿಕೊಂಡರು.

ಮರುದಿನವೇ ಆಸ್ಪತ್ರೆಗೆ ಫೋನ್ ಮಾಡಿದೆ. ನಾಲ್ಕೇ ದಿನದಲ್ಲಿ ಕರೆದರು. ರೇಡಿಯೇಷನ್ ಡಾಕ್ಟರ್ ನೋಡಿ, ಅವರೇ ಚರ್ಮದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಹಚ್ಚೆ ಚುಕ್ಕಿ ಮೂರು ಸಿಕ್ಕವು. ಮಚ್ಚೆ ಪೂರ್ತಿ ಅದರ ಒಳಗೇ ಇದೆ, ಕೆಳಗಡೆ ಮಾತ್ರ ಒಂದು ಬೆರಳಿನಷ್ಟು ಹೊರಗೆ ಚಾಚಿದೆ. ನಾನು ಆ ಹಾಳೆ, ಫೋಟೋ ಎಲ್ಲ ತೋರಿಸಿದಾಗ ಡಾಕ್ಟರ್ ಅರ್ಧ ಗಂಟೆ ಕೂತು ಮಾತಾಡಿದರು. ಅಮ್ಮನಿಗೆ ಹೊಸ ಮಾತ್ರೆ ಅಂದರೆ ಕ್ಯಾನ್ಸರ್ ವಾಪಸ್ ಬರದಿರಲಿ ಎಂದು ಕೊಡುವ ಲೆಟ್ರೋಜೋಲ್ ಒಂದೇ, ಅದು ರೇಡಿಯೇಷನ್ ಮುಗಿದ ತಕ್ಷಣದಿಂದ ಇದೆ. ಅದಕ್ಕೂ ಇದಕ್ಕೂ ಸಂಬಂಧ ಕಾಣುವುದಿಲ್ಲ, ನಿಲ್ಲಿಸಬೇಡಿ ಎಂದರು.

ಬಯಾಪ್ಸಿ ಮಾಡಿಸಿದೆವು. ಆ ಹನ್ನೆರಡು ದಿನ ಹೇಗೆ ಕಳೆದೆವೋ ಗೊತ್ತಿಲ್ಲ. ರಿಪೋರ್ಟ್ ಬಂತು. ಕ್ಯಾನ್ಸರ್ ಕಣ ಇಲ್ಲ. ಮಾರ್ಫಿಯಾ. ಆಸ್ಪತ್ರೆಯ ಕಾರಿಡಾರಿನಲ್ಲಿ ಅಮ್ಮ ಆ ಹಾಳೆ ನನ್ನ ಕೈಯಿಂದ ತೆಗೆದುಕೊಂಡು, ಇಂಗ್ಲಿಷ್ ಬರದಿದ್ದರೂ ಮೇಲಿಂದ ಕೆಳಗೆ ಬೆರಳಿಟ್ಟುಕೊಂಡು ನೋಡಿದರು. ಆಮೇಲೆ ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡರು, ಎಡಗಡೆ. ಟೀ ಕುಡಿಯೋಣ ಎಂದರು. ಎರಡು ತಿಂಗಳಲ್ಲಿ ಅವರಾಗಿಯೇ ಏನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು.

ಕ್ಲೋಬೆಟಾಸಾಲ್ ಎಂಬ ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದಾರೆ, ಗಟ್ಟಿ ಇರುವ ಕಡೆ ಮಾತ್ರ ತೆಳ್ಳಗೆ. ಜೊತೆಗೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದು ಸಲ, ಮುಂದಿನ ವಾರದಿಂದ. ಕ್ಯಾನ್ಸರ್ ಡಾಕ್ಟರ್ ಜೊತೆ ಮಾತಾಡಿಯೇ ಬರೆದದ್ದು. ಶುರು ಮಾಡುವ ಮೊದಲು ರಕ್ತ, ಲಿವರ್ ಪರೀಕ್ಷೆ ಮಾಡಿಸಿದರು. ಬಯಾಪ್ಸಿ ಹೊಲಿಗೆ ಬಿಚ್ಚೋಕೆ ಹೇಳಿದ್ದಕ್ಕಿಂತ ಐದು ದಿನ ಜಾಸ್ತಿ ಬಿಟ್ಟರು, ಈಗ ಒಣಗಿದೆ.

ದೊಡ್ಡಮ್ಮನಿಗೆ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಅವತ್ತು ಹಚ್ಚಿದ್ದರಿಂದ ಏನಾದರೂ ಕೆಟ್ಟದ್ದಾಯಿತಾ ಎಂದು ಮಾತ್ರ ಮೂರು ಸಲ ಕೇಳಿದರು. ಇಲ್ಲ ಎಂದೆ.

ಟೀಚರ್, ಮೆಥೊಟ್ರೆಕ್ಸೇಟ್ ವಿಷಯ ಮೆಡಿಕಲ್ ಶಾಪಿನವರು ಇದು ಕ್ಯಾನ್ಸರಿಗೂ ಕೊಡುವ ಔಷಧಿ ಎಂದುಬಿಟ್ಟರು. ಅಮ್ಮ ಮತ್ತೆ ಮುಖ ಸಣ್ಣ ಮಾಡಿಕೊಂಡಿದ್ದಾರೆ. ನಿಮಗೆ ಅದು ಒಗ್ಗಿತಾ? ಕೂದಲು ಉದುರುತ್ತದಾ? ಅವರಿಗೆ ಈಗಷ್ಟೇ ಜಡೆ ಹಾಕುವಷ್ಟು ಬಂದಿದೆ.


ಮಂಡ್ಯದ ಟೀಚರ್:

ಆ ಹಾಳೆ ಅಮ್ಮ ಎಡಗಡೆ ಇಟ್ಟುಕೊಂಡರು ಎಂದು ಓದಿ ಕಣ್ಣು ತುಂಬಿತು ತಂಗಿ.

ಕ್ಯಾನ್ಸರಿಗೆ ಕೊಡುವುದು ಎಷ್ಟೋ ಪಟ್ಟು ದೊಡ್ಡ ಡೋಸ್. ಚರ್ಮಕ್ಕೆ, ಕೀಲುವಾತಕ್ಕೆ ಕೊಡುವುದು ತೀರಾ ಕಡಿಮೆ. ನನಗೆ ವಾರಕ್ಕೆ 15 ಮಿಲಿಗ್ರಾಂ ಇತ್ತು. ಬಾಚಣಿಗೆಗೆ ಸ್ವಲ್ಪ ಜಾಸ್ತಿ ಬಂತು, ಆದರೆ ಕೀಮೋದಲ್ಲಿ ಹೋದ ಹಾಗೆ ಹೋಗಲಿಲ್ಲ, ಜಡೆ ಜಡೆಯಾಗಿಯೇ ಉಳಿಯಿತು. ಮಾತ್ರೆ ತೆಗೆದುಕೊಂಡ ದಿನ ಮತ್ತು ಮರುದಿನ ಬೆಳಿಗ್ಗೆ ಸ್ವಲ್ಪ ಹೊಟ್ಟೆ ತೊಳಸುತ್ತಿತ್ತು. ರಾತ್ರಿ ಊಟ ಆದಮೇಲೆ ತೆಗೆದುಕೊಳ್ಳೋಕೆ ಶುರು ಮಾಡಿದೆ, ಆಮೇಲೆ ಪರವಾಗಿಲ್ಲ. ಫೋಲಿಕ್ ಆಸಿಡ್ ಮಾತ್ರೆ ಬೇರೆ ದಿನ ಕೊಟ್ಟಿರುತ್ತಾರೆ, ಅದನ್ನು ಬಿಡಬೇಡಿ. ರಕ್ತಪರೀಕ್ಷೆ ಕರೆದಾಗೆಲ್ಲ ಹೋಗಿ. ಜ್ವರ ಬಂದರೆ, ಬಾಯಲ್ಲಿ ಹುಣ್ಣೆದ್ದರೆ, ಒಣಕೆಮ್ಮು ಉಬ್ಬಸ ಶುರುವಾದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು.

ಒಂದೇ ಒಂದು ವಿಷಯ, ಇದನ್ನು ಮನೆಯ ಎಲ್ಲರಿಗೂ ಹೇಳು, ದೊಡ್ಡಮ್ಮನಿಗೂ. ಇದು ವಾರಕ್ಕೆ ಒಂದು ದಿನದ ಮಾತ್ರೆ. ದಿನಾ ಅಲ್ಲ. ತಪ್ಪಿ ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ, ಹಾಗೆ ಆದವರಿದ್ದಾರೆ. ಬಿಪಿ ಮಾತ್ರೆಯ ಡಬ್ಬಿಯಲ್ಲಿ ಇಡಲೇಬೇಡ. ಬೇರೆ ಡಬ್ಬಿ, ಬೇರೆ ಜಾಗ. ನಾನು ಡಬ್ಬಿಯ ಮೇಲೆ ಬಿಳಿ ಕಾಗದ ಅಂಟಿಸಿ, ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಗುರುವಾರ ಎಂದು ಬರೆದಿದ್ದೆ. ರಾಯರ ವಾರ, ಮರೆಯುವುದಿಲ್ಲ ಎಂದು. ನಿಮ್ಮ ಅಮ್ಮನಿಗೆ ಮರೆಯದ ವಾರ ಯಾವುದು?


ತಿಪಟೂರಿನ ಮಗಳು:

ಸೋಮವಾರ. ಈಗಲೇ ಬರೆದು ಅಂಟಿಸಿದೆ, ಅಮ್ಮ ಪಕ್ಕದಲ್ಲೇ ನಿಂತು ಅಕ್ಷರ ಇನ್ನೂ ದೊಡ್ಡದಾಗಿ ಬರಿ ಎನ್ನುತ್ತಿದ್ದಾರೆ.